ಗಾಳೆಮ್ಮನ ಮಿರ್ಚಿಗೆ ಮೂವತ್ತೊಂದು ತಕರಾರು

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಮುಂದೆ ಗಾಳೆಮ್ಮ ಹನ್ನೆರಡು ವರ್ಷದಿಂದ ಮಂಡಕ್ಕಿ-ಮಿರ್ಚಿ ಮಾರುತ್ತಿದ್ದ ಬೇವಿನ ಮರಕ್ಕೇ ಪಂಚಾಯಿತಿಯವರು ನೋಟೀಸು ಅಂಟಿಸಿ ಹೋದರು. ಅಲ್ಲಿ ಸಾಲು ಮಳಿಗೆ ಕಟ್ಟುತ್ತಾರಂತೆ. ತಕರಾರಿದ್ದವರು ಮೂವತ್ತು ದಿನದೊಳಗೆ ತಿಳಿಸಬೇಕಂತೆ. ಎಸ್‌ಟಿಡಿ ಬೂತಿನ ಮೌನೇಶ ಅದನ್ನು ಆಕೆಗೆ ಓದಿ ಹೇಳಿದ. ಆ ಒಲೆ ಬಿಟ್ಟರೆ ಆಕೆಗೆ ಬೇರೆ ಗತಿಯಿರಲಿಲ್ಲ.

"ಬಾಯಿಲೆ ಹೇಳಿದ್ರ ನಡಿಯಂಗಿಲ್ಲೇನು?"

"ಇಲ್ಲಕ್ಕ, ಬರ್ದೇ ಕೊಡ್ಬೇಕಂತ."

ಬಾಯಲ್ಲಾದರೆ ಊರಿಗೆ ಊರೇ ಆಕೆಯ ಕಡೆ. "ಅದೆಂಗ ತೆಗಿಸ್ತಾರ ನೋಡೇಬಿಡ್ತೀವಿ" ಎಂದು ಮಿರ್ಚಿ ಕಡಿಯುತ್ತ ಗುಡುಗುತ್ತಿದ್ದ ಗಂಡಸರು, ಬಿಳಿ ಹಾಳೆ ಮುಂದಿಟ್ಟ ಕೂಡಲೇ ಬಸ್ಸು ಬಂತೆಂದು ಏಳುತ್ತಿದ್ದರು. ಸರ್ಕಾರದ ವಿರುದ್ಧ ಸಹಿ ಹಾಕಿ ನಾಳೆ ರೇಷನ್ ಕಾರ್ಡಿಗೇ ಕುತ್ತು ಬಂದರೆ? ಹೊಸಹಳ್ಳಿಯ ಗಾದೆಪ್ಪನಂತೂ ಬಾರದ ಬಸ್ಸಿಗೂ ಓಡಿದ.

ಇಪ್ಪತ್ತೆಂಟನೆಯ ದಿನ ಗಾಳೆಮ್ಮನಿಗೆ ರೇಗಿಹೋಯಿತು. ತಕರಾರು ಬರೆದವರಿಗಷ್ಟೇ ಮಿರ್ಚಿ, ಉಳಿದವರಿಗೆ ಬರೀ ಮಂಡಕ್ಕಿ ಎಂದುಬಿಟ್ಟಳು. ಮಿರ್ಚಿಯಿಲ್ಲದ ಮಂಡಕ್ಕಿ ಯಾರ ಗಂಟಲಲ್ಲಿ ಇಳಿದೀತು? ಎರಡೇ ದಿನದಲ್ಲಿ ಮೂವತ್ತೊಂದು ಹಾಳೆ ಬಂದವು. ಅವರೆಲ್ಲ ಅಷ್ಟು ಮನಸ್ಸಿಟ್ಟು ಬರೆಯುವುದನ್ನು ಕಂಡು ಓದು ಬಾರದ ಗಾಳೆಮ್ಮನ ಕಣ್ಣು ತುಂಬಿ ಬಂತು. ಕಡೆಯ ದಿನ ಒಳ್ಳೆಯ ಸೀರೆಯುಟ್ಟು ಹೋಗಿ ಕಟ್ಟನ್ನು ಪಂಚಾಯಿತಿ ಸಾಹೇಬರ ಮೇಜಿನ ಮೇಲಿಟ್ಟಳು.

ಸಾಹೇಬರು ಗಟ್ಟಿಯಾಗಿ ಓದತೊಡಗಿದರು. "ಮಿರ್ಚಿಗೆ ಸೋಡಾ ಜಾಸ್ತಿಯಾಗಿದೆ. ಚಟ್ನಿ ನೀರಾಗಿದೆ. ಹೊಳಲಿನ ಬಸ್ಸು ಬರುವಷ್ಟರಲ್ಲಿ ಮಿರ್ಚಿ ಖಾಲಿಯಾಗುತ್ತಿದ್ದು, ತಾವು ಸೂಕ್ತ ಕ್ರಮ ಕೈಗೊಳ್ಳಬೇಕು."

ಮೂವತ್ತೊಂದು ಹಾಳೆಯಲ್ಲೂ ಮಳಿಗೆಯ ಮಾತೇ ಇಲ್ಲ. ಸರ್ಕಾರಕ್ಕೆ ಹೆದರಿದ, ಮಿರ್ಚಿಯನ್ನೂ ಬಿಡಲಾರದ ಮಹಾಶಯರು ಗಾಳೆಮ್ಮನ ಮೇಲೇ ಬರೆದು ತಿಂದು ಹೋಗಿದ್ದರು. ಆಕೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಂದು ಮುಗೀತೇನ್ರಿ ಸಾಹೇಬ್ರ?"

ಸಾಹೇಬರು ತಲೆ ಕೆರೆದುಕೊಂಡರು. "ಬಂದ ತಕರಾರಿಗೆಲ್ಲ ಪರಿಹಾರ ಕೊಟ್ಟೀನಿ ಅಂತ ನಾ ಮ್ಯಾಲಕ್ಕ ಬರೀಬೇಕಮ್ಮ. ನಿನ್ನ ಅಂಗಡಿ ತೆಗಿಸಿದ್ರ ಚಟ್ನಿ ಗಟ್ಟಿ ಮಾಡ್ಸೋದು ಹೆಂಗ?"

ಮಳಿಗೆಗಳು ಬೇವಿನ ಮರ ಬಿಟ್ಟು ಹಿಂದಕ್ಕೆ ಸರಿದವು.

ಮರುವಾರ ಗಾದೆಪ್ಪ ಮಿರ್ಚಿ ಕಡಿದು, "ಉಪ್ಪು ಸ್ವಲ್ಪ ಕಡಿಮಿ ಆಗೇತಲ್ಲಕ್ಕ" ಎಂದ.

ಗಾಳೆಮ್ಮ ಬಿಳಿ ಹಾಳೆ ಅವನ ಮುಂದೆ ಸರಿಸಿದಳು. "ಬರ್ದು ಕೊಡು. ಮೂವತ್ತು ದಿನದಾಗ ನೋಡ್ತೀನಿ."