ಟೈಲರನ ಅಂಗಿ

ಗಂಡ ಹೊರಗಿನಿಂದ ಬಂದು ಕುರ್ಚಿಯಲ್ಲಿ ಕೂತದ್ದೇ ತಡ, ಅವಳ ಕಣ್ಣು ಅಂಗಿಯ ಮೇಲೆ ಹೋಯಿತು. ಮೇಲಿನ ಗುಂಡಿ ಎರಡನೆಯ ಕಾಜಾದಲ್ಲಿತ್ತು. ಮಧ್ಯಾಹ್ನ ಅವಳೇ ಎಲ್ಲ ಗುಂಡಿ ಸರಿಯಾಗಿ ಹಾಕಿ ಕಳಿಸಿದ್ದಳು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋದ ಮೇಲೆ, ಎಂಟು ತಿಂಗಳಿಂದ ಅದು ಅವಳದೇ ಕೆಲಸ. ಊರಿಗೆಲ್ಲ ಅಂಗಿ ಹೊಲಿದ ಟೈಲರು ತನ್ನ ಅಂಗಿ ತಾನು ತೊಡಲಾರ. ಅಂದಮೇಲೆ ಇದನ್ನು ಬಿಚ್ಚಿದವರು ಯಾರು?

"ಎಲ್ಲಿಗೆ ಹೋಗಿದ್ರಿ?"

"ಇಲ್ಲೇ, ಕಾಲಾಡಿಸ್ಕೊಂಡು ಬಂದೆ."

"ಕಾಲಾಡ್ಸೋಕೆ ಅಂಗಿ ಯಾಕೆ ಬಿಚ್ಚಬೇಕು?"

ಅವನು ಕೇಳಿಸದವನಂತೆ ಕುಡಿಯಲು ನೀರು ಕೇಳಿದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂದುಕೊಂಡಳು.

ಗಂಡನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕಾಜಾ ಹೊಲಿದು ಗುಂಡಿ ಹಾಕಿದವಳು ಅವಳು. ಒಗೆಯಲು ಹಾಕುವಾಗ ನೋಡಿದರೆ ಒಂದೊಂದು ಗುಂಡಿಯನ್ನೂ ಯಾರೋ ಹಿಡಿದು ಜಗ್ಗಿದ್ದರು. ಬಟ್ಟೆಯಲ್ಲಿ ಗುರುತಿಲ್ಲದ ಸೋಪಿನ ವಾಸನೆ ಬೇರೆ. ಅವಳ ಹೊಟ್ಟೆಗೆ ಬೆಂಕಿ ಬಿತ್ತು. ತುತ್ತು ಮಾಡಿ ಉಣಿಸಿದ್ದು ಇದಕ್ಕೇನಾ ಎಂದು ಅಳುವೂ ಬಂತು.

ಮರುದಿನ ಅವನ ಹಿಂದೆಯೇ ಹೋದಳು. ಅವನು ಕಾಲೆಳೆಯುತ್ತ ಆಸ್ಪತ್ರೆ ಹೊಕ್ಕ. ಹಾಗಾದರೆ ಯಾವಳೋ ನರ್ಸೇ ಇರಬೇಕು! ಹಲ್ಲು ಕಚ್ಚಿ ಬಾಗಿಲ ಸಂದಿಯಲ್ಲಿ ಇಣುಕಿದಳು.

ಗಂಡ ಸ್ಟೂಲಿನ ಮೇಲೆ ಎದೆಯೊಡ್ಡಿ ಕೂತಿದ್ದ. ಎದುರಿಗೆ ಒಬ್ಬ ವಯಸ್ಸಾದ ಹೆಂಗಸು, ಅವಳದೂ ಬಲಗೈ ಬಿದ್ದಿತ್ತು. ಎಡಗೈಯಲ್ಲಿ ಅವನ ಅಂಗಿಯ ಗುಂಡಿ ಹಿಡಿದು ಬೆವರುತ್ತಿದ್ದಳು. ಪಕ್ಕದಲ್ಲಿ ಅಂಥವರೇ ಇನ್ನೂ ಮೂವರು ಸರದಿಗೆ ಕಾಯುತ್ತಿದ್ದರು.

"ಅವಸರ ಬೇಡ ಅಕ್ಕಾ, ಗುಂಡಿ ಎಲ್ಲಿಗೂ ಓಡಿಹೋಗಲ್ಲ. ಹೆಬ್ಬೆರಳಲ್ಲಿ ಅಂಚು ತಳ್ಳಿ. ತಪ್ಪಾದ್ರೂ ನೀವು ಹಾಕಿದ್ದನ್ನ ನಾನು ಬಿಚ್ಚಲ್ಲ, ಹಾಗೇ ಮನೆಗೆ ಹೋಗ್ತೀನಿ. ಮೊದಲ್ನೇ ಸಲ ನಂಗೂ ಒಂದು ಗಂಟೆ ಹಿಡೀತು."

ಅಂಗಡಿ ಮುಚ್ಚಿದಂದಿನಿಂದ ಕಾಣದ ಕಳೆ ಅವನ ಮುಖದಲ್ಲಿತ್ತು. ಅವಳು ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ನಿಮಗೇ ಹಾಕ್ಕೊಳ್ಳೋಕೆ ಬರುತ್ತಾ?"

ಅವನು ತಲೆ ತಗ್ಗಿಸಿದ. "ಎರಡು ತಿಂಗಳಾಯ್ತು."

"ಮತ್ತೆ ದಿನಾ ನನ್ನ ಮುಂದೆ ಯಾಕೆ ನಿಲ್ತಿದ್ರಿ?"

"ಅದೊಂದು ಹೊತ್ತಾದ್ರೂ ಬಯ್ಯದೆ ಹತ್ರ ನಿಲ್ತಿದ್ಯಲ್ಲ, ಅದಕ್ಕೆ."

ಕಾಯುತ್ತಿದ್ದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅವಳಿಗೆ ನಾಚಿಕೆಯೂ ಆಯಿತು, ಕಣ್ಣೂ ತುಂಬಿತು. ಅಷ್ಟರಲ್ಲಿ ಆ ಹೆಂಗಸಿನ ಬೆರಳಿಂದ ಗುಂಡಿ ಮತ್ತೆ ಜಾರಿತು. ಹಾಕಿಕೊಡಲು ಹೆಂಡತಿಯ ಕೈ ತಾನಾಗಿ ಮುಂದೆ ಹೋಯಿತು. ಅವನು ಬೇಡವೆಂದು ತಲೆಯಾಡಿಸಿದ.

ಅವಳು ಬೆಂಚಿನ ತುದಿಯಲ್ಲಿ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.