ಈಶಾನ್ಯ ಮೂಲೆಯ ಮೀನುಗಳು

ಬೆಳಗ್ಗೆ ಎದ್ದ ಅನ್ನದಾನಮ್ಮ ಮುಖ ತೊಳೆಯುವುದಕ್ಕೂ ಮುಂಚೆ ಪಡಸಾಲೆಯ ಈಶಾನ್ಯ ಮೂಲೆಗೆ ಹೋದಳು. ಸ್ಟೂಲಿನ ಮೇಲಿದ್ದ ದುಂಡನೆಯ ಗಾಜಿನ ಪಾತ್ರೆಯಲ್ಲಿ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಉಳಿದವು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಹಸಿದಿವೆ ಎಂದುಕೊಂಡು ಆಕೆ ಒಂದು ಹಿಡಿ ಮಂಡಕ್ಕಿ ಪುಡಿ ಮಾಡಿ ಹಾಕಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿದಳು.

"ರಾತ್ರಿ ಪಡಸಾಲಿಗೆ ಬಂದಿದ್ದೇನ?"

ಒಲೆಯ ಮುಂದಿದ್ದ ಸೊಸೆ ವಿದ್ಯಾಶ್ರೀ ಹಾಲಿನ ಪಾತ್ರೆಯಿಂದ ಕಣ್ಣೆತ್ತಲಿಲ್ಲ. "ಫ್ಯಾನ್ ಆರಿಸಾಕೆ ಬಂದಿದ್ದೆ ಅತ್ತೆ."

"ಬರಬ್ಯಾಡ ಅಂತ ಹೇಳಿದ್ನೋ ಇಲ್ಲೋ? ನೋಡು, ಮತ್ತೊಂದು ಹೋತು."

ರಾಯದುರ್ಗದ ಆ ಮನೆಗೆ ಮೀನು ಬಂದದ್ದು ವಿದ್ಯಾಶ್ರೀಯ ಹೊಟ್ಟೆಯಲ್ಲಿದ್ದ ಕೂಸು ಐದನೆಯ ತಿಂಗಳಲ್ಲಿ ಹೋದ ಮೇಲೆ. ಅದೇ ಸುಮಾರಿಗೆ ಮಗ ಸಿದ್ದರಾಮೇಶನ ಜೀನ್ಸ್ ಹೊಲಿಯುವ ಕಾರ್ಖಾನೆಗೆ ಆರ್ಡರುಗಳೂ ಕಡಿಮೆಯಾಗಿದ್ದವು. ವಾಸ್ತು ನೋಡುವ ರುದ್ರಮುನಿ ಬಂದು ಮನೆಯೆಲ್ಲ ಸುತ್ತಾಡಿ, ಈಶಾನ್ಯದಲ್ಲಿ ನೀರಿಲ್ಲ, ಅಲ್ಲಿ ಎಂಟು ಹೊಂಬಣ್ಣದ ಮೀನು, ಒಂದು ಕರಿಮೀನು ಇಡಬೇಕು ಎಂದ. ಮನೆಗೆ ಬರುವ ಕೆಡುಕನ್ನು ಮೀನು ತನ್ನ ಮೇಲೆ ಎಳೆದುಕೊಂಡು ಸಾಯುತ್ತದಂತೆ. ಮೀನು ಮಾಂಸ ಮುಟ್ಟದ ಮನೆ. ಆದರೂ ಅನ್ನದಾನಮ್ಮ ಮಗನನ್ನು ಕರೆದುಕೊಂಡು ತಾನೇ ಬಳ್ಳಾರಿಗೆ ಹೋದಳು. ಅಂಗಡಿಯಲ್ಲಿ ಗಾಳಿಯ ಮೋಟಾರು, ನೀರು ಸೋಸುವ ಡಬ್ಬಿ ಎಲ್ಲ ಇದ್ದ ಉದ್ದನೆಯ ತೊಟ್ಟಿಗಳಿದ್ದವು. ಮೂಲೆಗೆ ಹಿಡಿಸುತ್ತದೆ, ನೋಡಲು ಚೆಂದ ಎಂದು ಆಕೆ ಆರಿಸಿದ್ದು ಕಲ್ಲಂಗಡಿ ಗಾತ್ರದ ದುಂಡು ಪಾತ್ರೆ. ಒಂಬತ್ತೂ ಮೀನುಗಳನ್ನು ಅದರಲ್ಲೇ ಬಿಟ್ಟರು.

ಮಡಕಶಿರಾದ ಕಾಲೇಜಿನಲ್ಲಿ ವಿಜ್ಞಾನ ಓದಿದ್ದ ವಿದ್ಯಾಶ್ರೀ ಮೊದಲ ದಿನವೇ ಹೇಳಿದ್ದಳು. "ಅತ್ತೆ, ಇಷ್ಟು ಚಿಕ್ಕದ್ರಲ್ಲಿ ಒಂಬತ್ತಕ್ಕೆ ಉಸಿರು ಸಾಲಲ್ಲ. ನೀರು ಪೂರ್ತಿ ಚೆಲ್ಲಬಾರ್ದು, ಸ್ವಲ್ಪ ಸ್ವಲ್ಪ ಬದಲಾಯಿಸ್ಬೇಕು. ನಲ್ಲಿ ನೀರಾಗೆ ಬ್ಲೀಚಿಂಗ್ ಪೌಡರ್ ಇರ್ತೈತೆ, ಒಂದಿನ ಹಿಡಿದಿಟ್ಟು ಆಮೇಲೆ..."

ಅನ್ನದಾನಮ್ಮ ಮಾತು ಮುಗಿಯಲು ಬಿಡಲಿಲ್ಲ. "ಒಂದನ್ನ ಹೊಟ್ಟಿಯೊಳಗ ಉಳಿಸಿಕೊಳ್ಳಾಕ ಆಗ್ಲಿಲ್ಲ ನಿನಗ. ಒಂಬತ್ತು ಹೆಂಗ ಸಾಕಬೇಕಂತ ನನಗ ಕಲಿಸ್ತಿ?"

ಅಂದಿನಿಂದ ವಿದ್ಯಾಶ್ರೀ ಮೀನಿನ ಮಾತೆತ್ತಲಿಲ್ಲ.

ಅನ್ನದಾನಮ್ಮ ಮೀನುಗಳನ್ನು ಕಷ್ಟಪಟ್ಟು ನೋಡಿಕೊಂಡಳು ಎಂಬುದರಲ್ಲಿ ಅನುಮಾನವಿಲ್ಲ. ನಲ್ಲಿ ಬಂದ ದಿನವೆಲ್ಲ ಪಾತ್ರೆಯ ನೀರನ್ನು ಪೂರ್ತಿ ಬಗ್ಗಿಸಿ, ಗಾಜನ್ನು ಸಬೀನಾ ಪುಡಿ ಹಾಕಿ ಪಳಪಳ ಉಜ್ಜಿ, ಹೊಸ ನೀರು ತುಂಬುತ್ತಿದ್ದಳು. ದಿನಕ್ಕೆ ಮೂರು ಹೊತ್ತು ತಿನ್ನಿಸುತ್ತಿದ್ದಳು. ಆದರೂ ಅವು ಸತ್ತವು. ಮೊದಲನೆಯದು ಸತ್ತಾಗ ಮನೆಯ ಕಂಟಕ ಕಳೆಯಿತು ಎಂದು ದೀಪ ಹಚ್ಚಿದಳು. ಸಾವು ನಿಲ್ಲದಿದ್ದಾಗ ರುದ್ರಮುನಿಯನ್ನು ಮತ್ತೆ ಕರೆಸಿದಳು. ಆತ ಪಾತ್ರೆಯ ಸುತ್ತ ಒಂದು ಸುತ್ತು ಬಂದು, "ಮನ್ಯಾಗ ಯಾರದೋ ದೃಷ್ಟಿ ಭಾರ ಐತ್ರಿ, ಅಮ್ಮಾರ" ಎಂದ. ಯಾರದೆಂದು ಆತ ಹೇಳಲಿಲ್ಲ. ಸೊಸೆಯದೇ ಎಂದು ಅನ್ನದಾನಮ್ಮ ತಾನೇ ತೀರ್ಮಾನಿಸಿಕೊಂಡಳು; ಓಣಿಯ ಹೆಂಗಸರಿಗೂ ಹೇಳಿದಳು.

ಸಿದ್ದರಾಮೇಶ ಒಮ್ಮೆ ಕೇಳಿದ್ದುಂಟು. "ಅವ್ವ, ಮೀನಿಗೂ ಆಕಿಗೂ ಏನು ಸಂಬಂಧ?"

"ಮತ್ತ ಯಾಕ ಸಾಯ್ತಾವ, ನೀನ ಹೇಳು."

ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಮನೆಯಲ್ಲಿ ಜಗಳ ಬೇಡವೆಂದು ಕಾರ್ಖಾನೆಯಲ್ಲೇ ಹೆಚ್ಚು ಹೊತ್ತು ಕಳೆಯತೊಡಗಿದ. ವಿದ್ಯಾಶ್ರೀ ಅಡುಗೆಮನೆಯಲ್ಲೇ ಉಂಡು, ಅಲ್ಲೇ ಕೂತು, ದೇವರಿಗೂ ದೂರದಿಂದಲೇ ಕೈಮುಗಿಯುವಂತಾಯಿತು. ಎದುರುಮನೆಯ ಸರ್ವಮಂಗಳಮ್ಮ ಮೊಮ್ಮಗಳ ನಾಮಕರಣಕ್ಕೆ ಕರೆಯಲು ಬಂದವಳು ಅನ್ನದಾನಮ್ಮನ ಹಣೆಗೆ ಮಾತ್ರ ಕುಂಕುಮವಿಟ್ಟು ಹೊರಟುಹೋದಳು. ಬಾಗಿಲ ಮರೆಯಲ್ಲಿ ನಿಂತಿದ್ದ ಸೊಸೆಯನ್ನು ಇಬ್ಬರೂ ನೋಡಿದ್ದರು.

ಈ ಬೆಳಗಿನ ಮೀನಿನೊಂದಿಗೆ ಅನ್ನದಾನಮ್ಮನ ತಾಳ್ಮೆಯೂ ಮುಗಿಯಿತು. ಸೊಸೆಯ ತವರು ಅಮರಾಪುರಕ್ಕೆ ಫೋನು ಮಾಡಿದಳು. ಮರುದಿನ ವಿದ್ಯಾಶ್ರೀಯ ತಂದೆ ಸಂಜೀವಪ್ಪ ಬಂದ. ಟವೆಲನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತು, "ನಮ್ಮ ಹುಡುಗಿ ಏನು ತಪ್ಪು ಮಾಡವ್ಳೆ ಹೇಳ್ರಮ್ಮ, ತಿದ್ಕಂತಾಳೆ" ಎಂದ.

"ತಪ್ಪಲ್ಲಪ್ಪ, ಆಕಿ ಕಾಲ್ಗುಣ. ಸ್ವಲ್ಪ ದಿನ ನಿಮ್ಮಲ್ಲಿ ಇರ್ಲಿ."

ಸಂಜೀವಪ್ಪ ಟವೆಲನ್ನು ಹೆಗಲಿಗೇರಿಸಿ ಮಗಳನ್ನು ಕರೆದುಕೊಂಡು ಹೊರಟ. ಅಳಿಯ ಬಸ್‌ಸ್ಟ್ಯಾಂಡಿನವರೆಗೆ ಬ್ಯಾಗು ಹಿಡಿದುಕೊಂಡು ಬಂದ, ಅಷ್ಟೆ.

ಸೊಸೆ ಹೋದ ಮೇಲೆ ಅನ್ನದಾನಮ್ಮ ಮನೆಯೆಲ್ಲ ಗೋಮೂತ್ರ ಚಿಮುಕಿಸಿ, ಹಳೆಯ ಮೀನುಗಳನ್ನು ತೆಗೆಸಿ, ಬಳ್ಳಾರಿಯಿಂದ ಹೊಸದಾಗಿ ಒಂಬತ್ತು ಮೀನು ತರಿಸಿದಳು. ಮೊದಲಿಗಿಂತ ಭಕ್ತಿಯಿಂದ ಉಜ್ಜಿದಳು, ತಿನ್ನಿಸಿದಳು. ಹಗಲೆಲ್ಲ ಮನೆಯಲ್ಲಿ ಆಕೆಯೊಬ್ಬಳೇ. ವಾರ ತುಂಬುವುದರೊಳಗೆ ಮೀನುಗಳು ಸಾಯತೊಡಗಿದವು.

ರುದ್ರಮುನಿ ಮತ್ತೆ ಬಂದ. ಈ ಸಲ ಆಕೆಯ ಜೊತೆ ಮಾತಾಡಲಿಲ್ಲ. ಸಿದ್ದರಾಮೇಶನನ್ನು ಹೊರಗೆ ಕಟ್ಟೆಗೆ ಕರೆದುಕೊಂಡು ಹೋದ. ಒಳಗೆ ಬಂದ ಮಗ ತಾಯಿಯ ಮುಖ ನೋಡದೆ ಹೇಳಿದ.

"ಅವ್ವ, ನಿನಗ ಈಗ ಶನಿ ಸಾಡೇಸಾತಿ ನಡದೈತಂತ. ಸ್ವಲ್ಪ ದಿನ ಪಡಸಾಲಿಗೆ ಬರಬ್ಯಾಡ. ದೇವರ ಮನಿಗೂ."

"ಯಾರಿಗೆ ಹೇಳಾಕತ್ತಿ ನೀನು?"

"ಅವರು ಹೇಳಿದ್ದು ಹೇಳೀನಿ ನಾನು. ನೀನ ನಂಬಿದಾಕಿ."

ಆ ಸಂಜೆ ಅನ್ನದಾನಮ್ಮ ಅಡುಗೆಮನೆಯಲ್ಲಿ ಕೂತು ಉಂಡಳು. ಪಡಸಾಲೆಯಲ್ಲಿ ಟೀವಿ ನಡೆಯುತ್ತಿತ್ತು. ಯಾರೋ ಬಂದು ಮಗನ ಜೊತೆ ಮಾತಾಡಿ ಹೋದರು. ಆಕೆ ಎದ್ದು ಹೋಗಲಿಲ್ಲ. ಮೂವತ್ತು ವರ್ಷ ತಾನೇ ಸಾರಿಸಿ ಗುಡಿಸಿದ ಮನೆಯಲ್ಲಿ ತನ್ನ ಕಣ್ಣು ಬೀಳುವುದೇ ಅಪರಾಧ ಎಂದು ಆಕೆಗೆ ಅನ್ನಿಸಿತು. ವಿದ್ಯಾಶ್ರೀ ಇದೇ ಜಾಗದಲ್ಲಿ, ಇದೇ ಗೋಡೆಗೆ ಒರಗಿ, ಎಷ್ಟೋ ತಿಂಗಳು ಉಂಡಿದ್ದಳು.

ಮಾರನೆಯ ದಿನ ಮಗ ಕಾರ್ಖಾನೆಗೆ ಹೋದ ಮೇಲೆ ಆಕೆ ಪಡಸಾಲೆಗೆ ಹೋದಳು. ಕರಿಮೀನೊಂದೇ ಉಳಿದಿತ್ತು, ಅದೂ ಮೇಲೆ ಬಂದು ಬಾಯಿ ಬಿಡುತ್ತಿತ್ತು. ಹಸಿವಿಗಲ್ಲ, ಉಸಿರಿಗೆ ಎಂದು ಸೊಸೆಯ ಮಾತು ನೆನಪಾಗಿ ಆಗ ಆಕೆಗೆ ಹೊಳೆಯಿತು. ಹಿತ್ತಲ ತೊಟ್ಟಿಯಲ್ಲಿ ಹಿಂದಿನ ದಿನ ಹಿಡಿದಿಟ್ಟ ನೀರಿತ್ತು. ಮೀನನ್ನು ಅದರೊಳಗೆ ಬಿಟ್ಟಳು. ಮಂಡಕ್ಕಿ ಹಾಕಲಿಲ್ಲ. ಸಂಜೆ ನೋಡಿದಾಗ ಅದು ತೊಟ್ಟಿಯ ತಳದಲ್ಲಿ ನಿರಾಳವಾಗಿ ಓಡಾಡುತ್ತಿತ್ತು. ಮರುದಿನವೂ ಬದುಕಿತ್ತು. ಅದರ ಮರುದಿನವೂ. ಅನ್ನದಾನಮ್ಮ ತೊಟ್ಟಿಯ ಅಂಚು ಹಿಡಿದು ಕೂತುಬಿಟ್ಟಳು. ಸೊಸೆ ಹೇಳಿದ ಮಾತು ಪೂರ್ತಿ ಕೇಳಿದ್ದರೆ ಸಾಕಾಗಿತ್ತು.

ಅಮರಾಪುರಕ್ಕೆ ಆಕೆ ಒಬ್ಬಳೇ ಹೋದಳು. ಬಸ್ಸು ಬದಲಿಸಿ ಬದಲಿಸಿ ಮಡಕಶಿರಾ ದಾಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಸಂಜೀವಪ್ಪ ಅಂಗಳದಲ್ಲಿ ಒಣಹಾಕಿದ್ದ ಶೇಂಗಾವನ್ನು ಗುಡ್ಡೆ ಮಾಡುತ್ತಿದ್ದ. ಕೂರಲು ಮಂಚ ತೋರಿಸಿ, ದನಿ ತಗ್ಗಿಸಿ ಹೇಳಿದ: "ಜೋರಾಗಿ ಏನೂ ಅನ್ಬ್ಯಾಡ್ರಮ್ಮ. ಹೋದ ವಾರ ಬಾವಿ ಕಟ್ಟೆ ಮೇಲೆ ಕುಂತಿದ್ಲು. ಕುರಿಯೋರು ನೋಡಿ ಕರ್ಕಂಬಂದ್ರು. ಅವತ್ತಿಂದ ಅವರಮ್ಮ ಒಂಟಿಯಾಗಿ ಬಿಡಾದೇ ಇಲ್ಲ."

ವಿದ್ಯಾಶ್ರೀ ಹೊರಗೆ ಬಂದು ನೀರು ಕೊಟ್ಟು, ಎದುರಿಗೆ ನೆಲದ ಮೇಲೆ ಕೂತಳು. ಬಹಳ ಸೊರಗಿದ್ದಳು.

"ಮೀನು ನಾನ ಕೊಂದೆ ವಿದ್ಯಾ," ಎಂದಳು ಅತ್ತೆ. "ನೀ ಹೇಳಿದ್ದು ಖರೇ ಇತ್ತು."

"ಮೀನು ಯಾಕೆ ಸಾಯ್ತವೆ ಅಂತ ನಂಗೆ ಗೊತ್ತಿತ್ತು ಅತ್ತೆ. ಮಗು ಯಾಕೆ ಹೋಯ್ತು ಅಂತ ಗೊತ್ತಿರ್ಲಿಲ್ಲ. ನೀವು ದಿನಾ ಅಂದೂ ಅಂದೂ, ನನ್ನಿಂದ್ಲೇ ಇರ್ಬೇಕು ಅಂತ ನಾನೂ ನಂಬ್ಬಿಟ್ಟೆ. ಇಲ್ಲಿ ಹಾಲು ಒಡೆದ್ರೂ ನನ್ನಿಂದ ಅನ್ಸೋದು."

"ಡಾಕ್ಟರು ಏನಂದ್ರು?"

"ನಿನ್ನ ತಪ್ಪೇನಿಲ್ಲ ಅಂದ್ರು. ಅವರು ಒಂದೇ ಸಲ ಹೇಳಿದ್ರು ಅತ್ತೆ. ನೀವು ದಿನಾ ಹೇಳ್ತಿದ್ರಿ."

ಅನ್ನದಾನಮ್ಮ ನೀರಿನ ಲೋಟ ಕೆಳಗಿಟ್ಟು ಕೇಳಿದಳು. "ಮನಿಗೆ ಬರ್ತೀಯೇನವ್ವ?"

"ಬರ್ತೀನೋ ಇಲ್ವೋ ನಂಗೇ ಗೊತ್ತಿಲ್ಲ. ನೀವು ಯಾರ್ಯಾರ ಮನೆಗೆ ಹೋಗಿ ನನ್ನ ಕಾಲ್ಗುಣ ಹೇಳಿದ್ರೋ, ಮೊದ್ಲು ಅಲ್ಲೆಲ್ಲ ಹೋಗಿ ಬನ್ನಿ. ನಾನು ಆ ಬೀದೀಲಿ ತಲೆಯೆತ್ತಿ ನಡೀಬೇಕಲ್ಲ."

ರಾಯದುರ್ಗಕ್ಕೆ ಹಿಂದಿರುಗಿದ ಅನ್ನದಾನಮ್ಮ ಮರುದಿನ ಬೆಳಗ್ಗೆ ಮಗನ ಮುಂದೆ ನಿಂತಳು. "ಅಮರಾಪುರಕ್ಕ ಹೋಗು. ಕರಕೊಂಡು ಬರಾಕ ಅಲ್ಲ, ಆಕಿ ಜೋಡಿ ಇದ್ದು ಬರಾಕ." ಅವನು ಕಾರ್ಖಾನೆಯ ಕೆಲಸ ಎಂದು ಶುರು ಮಾಡಿದವನು, ಬಾವಿಯ ವಿಷಯ ಕೇಳಿ ಕೈಲಿದ್ದ ಕಾರ್ಖಾನೆಯ ಬೀಗದಕೈ ಕೆಳಗಿಟ್ಟು ಕುರ್ಚಿಯ ಮೇಲೆ ಕೂತ.

ಅವನನ್ನು ಅಲ್ಲೇ ಬಿಟ್ಟು ಆಕೆ ಓಣಿಗೆ ಇಳಿದಳು. ಮೊದಲ ಮನೆಯಲ್ಲಿ "ಹೋಗ್ಲಿ ಬಿಡ್ರಿ, ಅದ್ನೆಲ್ಲ ಈಗ ಯಾಕ" ಎಂದು ಚಹಾ ಕೊಡಲು ಹೋದರು. ಎರಡನೆಯ ಮನೆಯಲ್ಲಿ, ಸೊಸೆಯನ್ನು ಕರೆತರಲು ಸುಳ್ಳು ಹೇಳುತ್ತಿದ್ದಾಳೆ ಎಂಬಂತೆ ನಕ್ಕರು. ಕೆಟ್ಟ ಮಾತನ್ನು ಎಲ್ಲರೂ ಒಂದೇ ಸಲಕ್ಕೆ ನಂಬಿದ್ದರು. ಈಗ ಒಬ್ಬೊಬ್ಬರಿಗೂ ಮೀನು, ನೀರು, ಬ್ಲೀಚಿಂಗ್ ಪೌಡರ್ ಎಲ್ಲ ಬಿಡಿಸಿ ಹೇಳಬೇಕಾಯಿತು.

ಸರ್ವಮಂಗಳಮ್ಮ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತು ಕೇಳಿದಳು. "ಅಂದ್ರ, ಅವು ಸತ್ತದ್ದು ನಿಮ್ಮಿಂದನ?"

"ಹೌದ್ರಿ. ನನ್ನಿಂದ."

ಸರ್ವಮಂಗಳಮ್ಮ ಕೂಸಿನ ಮುಖದ ಮೇಲೆ ಮೆಲ್ಲಗೆ ಸೆರಗು ಎಳೆದು, ಒಂದು ಹೆಜ್ಜೆ ಒಳಗೆ ಸರಿದಳು.

ಅನ್ನದಾನಮ್ಮ ಅದನ್ನು ನೋಡಿದಳು. ಕಣ್ಣು ತಗ್ಗಿಸಿ ಮೆಟ್ಟಿಲಿಳಿದಳು. ಓಣಿಯಲ್ಲಿ ಇನ್ನೂ ಮನೆಗಳಿದ್ದವು. ಮುಂದಿನ ಬಾಗಿಲಿಗೆ ಹೋಗಿ, "ಯಾರ ಅದೀರಿ ಒಳಗ?" ಎಂದು ಕೂಗಿದಳು.