ದಿನಾಂಕವಿಲ್ಲದ ಚೀಟಿ

ಆ ಆಫೀಸಿನಲ್ಲಿ ಅವಳನ್ನು ಎಲ್ಲರೂ ಅತ್ತೆ ಎನ್ನುತ್ತಿದ್ದರು. ಇನ್ನೂ ಮದುವೆಯಾಗದ, ಮೂವತ್ತು ಕೂಡ ತುಂಬದ ಹುಡುಗಿಗೆ ಆ ಪಟ್ಟ ಸಿಕ್ಕಿದ್ದು ಅವಳ ಒಂದೇ ಒಂದು ಮಾತಿನಿಂದ. ಬೆಳಿಗ್ಗೆ ಬಂದವಳೇ ಒಬ್ಬೊಬ್ಬರ ಕುರ್ಚಿಯ ಹಿಂದೆ ನಿಂತು "ಆಯ್ತಾ?" ಎಂದು ಕೇಳುತ್ತಿದ್ದಳು. ಯಾವ ಕೆಲಸ ಯಾರ ಕೈಯಲ್ಲಿ ಕೂತಿದೆ, ಯಾವಾಗ ಏಳುತ್ತದೆ ಎಂದು ನೋಡಿಕೊಳ್ಳುವುದೇ ಅವಳ ಉದ್ಯೋಗ. ಕೇಳಿಸಿಕೊಂಡು ಸಾಕಾದ ಯಾರೋ ಒಮ್ಮೆ, ನನ್ನ ಸ್ವಂತ ಅತ್ತೆಯೂ ಇಷ್ಟು ಸಲ ವಿಚಾರಿಸುವುದಿಲ್ಲ ಎಂದರು. ಹೆಸರು ಗೋಂದಿನಂತೆ ಅಂಟಿಕೊಂಡಿತು.

ಇವತ್ತು ಅದೇ ಮಾತನ್ನು ಯಜಮಾನರು ಅವಳನ್ನು ಕೇಳುವವರಿದ್ದರು.

ಅವರದ್ದು ಬೇರೆಯವರಿಗೆ ವೆಬ್‌ಸೈಟು ಮಾಡಿಕೊಡುವ ಪುಟ್ಟ ಕಂಪನಿ. ಇಷ್ಟು ದಿನ ಕೆಲಸದ ವ್ಯವಹಾರವೆಲ್ಲ ಮೊಬೈಲಿನ ಒಂದು ಗುಂಪಿನಲ್ಲೇ ನಡೆಯುತ್ತಿತ್ತು. ಹೋದ ತಿಂಗಳು ಒಬ್ಬ ಗಿರಾಕಿ ಕಳಿಸಿದ ತಿದ್ದುಪಡಿ ಯಾರದೋ ಹುಟ್ಟುಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗಿ, ಹಳೇ ಫೋನ್ ನಂಬರಿನೊಂದಿಗೇ ವೆಬ್‌ಸೈಟು ಹೊರಬಿತ್ತು. ಗಿರಾಕಿ ಕೂಗಾಡಿದ. ಯಜಮಾನರು ಅವತ್ತೇ, ಕೆಲಸ ನೋಡಿಕೊಳ್ಳಲು ಒಂದು ಸರಿಯಾದ ಸಾಫ್ಟ್‌ವೇರ್ ಕೊಳ್ಳುವುದೆಂದು ತೀರ್ಮಾನಿಸಿದರು. ಎರಡನ್ನು ಪುಕ್ಕಟೆಯಾಗಿ ಪರೀಕ್ಷೆಗೆ ತರಿಸಿ, ಯಾವುದು ಬೇಕೆಂದು ಹೇಳುವ ಹೊಣೆಯನ್ನು ಅತ್ತೆಯ ತಲೆಗೆ ಕಟ್ಟಿದರು. ಆ ಪುಕ್ಕಟೆ ಅವಧಿ ಇವತ್ತು ಸಂಜೆಗೆ ಮುಗಿಯುತ್ತಿತ್ತು.

ಒಂದರ ಗುರುತು ಹಸಿರು, ಇನ್ನೊಂದರದು ನೀಲಿ. ಆಫೀಸಿನಲ್ಲಿ ಅವಕ್ಕೆ ಅದೇ ಹೆಸರಾಯಿತು.

ಹಸಿರು ಮಹಾ ಬುದ್ಧಿವಂತ. ಯಾವ ಕೆಲಸಕ್ಕೆ ಎಷ್ಟು ದಿನ ಎಂದು ಹೇಳಿದರೆ ಸಾಕು, ಒಬ್ಬೊಬ್ಬರ ಮುಂದೆ ಒಂದೊಂದು ಉದ್ದನೆ ಪಟ್ಟಿ ಎಳೆಯುತ್ತಿತ್ತು. ಯಾರಾದರೂ ಬೇಗ ಮುಗಿಸಿದರೆ ಮುಂದಿನವರ ಕೆಲಸವನ್ನು ತಾನೇ ಹತ್ತಿರಕ್ಕೆ ಎಳೆದುಕೊಳ್ಳುತ್ತಿತ್ತು. ಯಾರು ಖಾಲಿ ಇದ್ದಾರೆ ಎಂಬುದನ್ನು ಬಿಳಿ ಜಾಗ ಬಿಟ್ಟು ಜಗಜ್ಜಾಹೀರು ಮಾಡುತ್ತಿತ್ತು. "ಆಯ್ತಾ?" ಎಂದು ದಿನಾ ಕೇಳುವುದನ್ನೂ ಅದೇ ಮಾಡುತ್ತದಂತೆ. ನೀಲಿ ಶುದ್ಧ ಪೆದ್ದು. ಅದರಲ್ಲಿ ಇದ್ದದ್ದು ಮೂರೇ ಸಾಲು: ಮಾಡಬೇಕು, ನಡೀತಿದೆ, ಆಯ್ತು. ಕೆಲಸಕ್ಕೊಂದು ಚೀಟಿ ಬರೆದು ಒಂದು ಸಾಲಿನಿಂದ ಇನ್ನೊಂದಕ್ಕೆ ಎಳೆದರೆ ಮುಗಿಯಿತು. ಯಜಮಾನರ ಮನಸ್ಸು ಹಸಿರಿನ ಮೇಲಿತ್ತು. ಕೇಳಿದಾಗಲೆಲ್ಲ ಅತ್ತೆ ನೋಡ್ತಾ ಇದೀನಿ ಸಾರ್ ಎಂದು ಜಾರಿಕೊಳ್ಳುತ್ತಿದ್ದಳು.

ಜಾರಿಕೊಳ್ಳಲು ಕಾರಣವಿತ್ತು. ಆ ಆಫೀಸಿನಲ್ಲಿ ಎಲ್ಲರ ಜೇಬಿನಲ್ಲೂ ಒಂದಿಷ್ಟು ದಿನಗಳಿದ್ದವು. ಬುಧವಾರ ಮುಗಿಯುವ ಕೆಲಸಕ್ಕೆ ಚಿತ್ರ ಬಿಡಿಸುವ ಬಣ್ಣದಕ್ಕ ಶುಕ್ರವಾರ ಎನ್ನುವಳು. ಅತ್ತೆ ಅದನ್ನು ಮುಂದಿನ ಸೋಮವಾರ ಮಾಡಿ ಯಜಮಾನರಿಗೆ ಹೇಳುವಳು. ಯಾರೂ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಯಾರಿಗೂ ಗೊತ್ತಿಲ್ಲದ್ದೂ ಅಲ್ಲ. ಹಾಗೆ ಉಳಿಸಿದ ದಿನಗಳನ್ನು ಅತ್ತೆ, ಯಾರ ಮಗುವಿಗಾದರೂ ಜ್ವರ ಬಂದರೆ, ಯಾರದಾದರೂ ಕಂಪ್ಯೂಟರ್ ಕೈಕೊಟ್ಟರೆ, ಸದ್ದಿಲ್ಲದೆ ತೆಗೆದು ಕೊಡುತ್ತಿದ್ದಳು. ಈ ಸಲ ಪೂರ್ತಿ ಗಂಟನ್ನು ಅವಳು ಮೌನಿಗೆಂದು ಎತ್ತಿಟ್ಟಿದ್ದಳು.

ಮೌನಿ ಎಂದರೆ ಪ್ರೋಗ್ರಾಂ ಬರೆಯುವವನು. ದಿನಕ್ಕೆ ಹತ್ತು ಮಾತಾಡಿದರೆ ಅವತ್ತು ಅವನಿಗೆ ಮೈ ಹುಷಾರಿಲ್ಲ ಎಂದು ತಿಳಿಯಬೇಕು. ಅವನ ಹೆಂಡತಿ ಸರಕು ಹಡಗಿನಲ್ಲಿ ಇಂಜಿನಿಯರು. ತಿಂಗಳುಗಟ್ಟಲೆ ನೀರಿನ ಮೇಲಿದ್ದು, ಹಡಗು ಈ ಬಂದರಿಗೆ ಬಂದಾಗ ಕೆಲವೇ ದಿನ ಮನೆಗೆ ಬರುವವಳು. ಯಾವಾಗ ಬರುತ್ತದೆ ಎಂದು ಮುಂಚೆ ಹೇಳುವವರಿಲ್ಲ; ಗಾಳಿ, ಬಂದರಿನ ಸರದಿ, ಸರಕು ಇಳಿಯುವ ವೇಗ, ಎಲ್ಲ ಕೂಡಿಬರಬೇಕು. ಯಜಮಾನರ ಕಾನೂನು ಮಾತ್ರ ಒಂದೇ: ರಜೆ ಬೇಕಾದರೆ ದಿನಾಂಕ ಹಾಕಿ ಮೊದಲೇ ಕೇಳಬೇಕು. ಹೋದ ಸಲ ಹಡಗು ಬಂದರಿನಲ್ಲಿ ನಿಂತದ್ದೇ ಅರ್ಧ ದಿನ; ಮೌನಿ ಕೈಯಲ್ಲಿದ್ದ ಕೆಲಸ ಮುಗಿಸಿ ಓಡುವಷ್ಟರಲ್ಲಿ ಅದು ಹೊರಟುಹೋಗಿತ್ತು. ಮಗಳೂ ಶಾಲೆಯಲ್ಲಿದ್ದಳು; ಹೆಂಡತಿ ಪಕ್ಕದ ಮನೆಯವರ ಕೈಯಲ್ಲಿ ಅವಳಿಗೆಂದು ಬೂಟು ಕೊಟ್ಟುಹೋಗಿದ್ದಳು. ಹಿಂದೆ ನೋಡಿದ ಕಾಲಿನ ಅಳತೆಗೆ ತಂದದ್ದು, ಬೆರಳು ಕೂಡ ಒಳಗೆ ಹೋಗಲಿಲ್ಲ. ಇದನ್ನು ಕೇಳಿದ ದಿನವೇ ಅತ್ತೆ ಮಾತು ಕೊಟ್ಟಿದ್ದಳು: ಹಡಗು ಬಂತು ಅಂದ್ರೆ ನೀವು ಎದ್ದು ಹೋಗಿ, ಮಿಕ್ಕಿದ್ದು ನನಗೆ ಬಿಡಿ.

ಹಾಗಾಗಿ ಹಸಿರಿನಲ್ಲಿ ಈಗ ಕೈಯಲ್ಲಿದ್ದ ಕನ್ನಡಕದ ಅಂಗಡಿಯವರ ವೆಬ್‌ಸೈಟಿನ ಕೆಲಸಗಳನ್ನು ತುಂಬುವಾಗ ಅವಳು ಆ ದಿನಗಳನ್ನು ಹಿಟ್ಟಿಗೆ ಉಪ್ಪು ಬೆರೆಸಿದ ಹಾಗೆ ಎಲ್ಲ ಕೆಲಸಗಳಲ್ಲೂ ಚಿಟಿಕೆ ಚಿಟಿಕೆಯಾಗಿ ಬೆರೆಸಿದ್ದಳು. ಎಲ್ಲೂ ಬಿಳಿ ಕಾಣುತ್ತಿರಲಿಲ್ಲ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದಳು.

ಮಧ್ಯಾಹ್ನ ಊಟದ ಮೇಜಿನಲ್ಲಿ ಮೌನಿ ಏನೂ ಹೇಳದೆ ಫೋನನ್ನು ಅವಳ ಕಡೆ ತಿರುಗಿಸಿದ. ಹಡಗು ಬಂದರಿನ ಹೊರಗೆ ನಿಂತಿದೆಯಂತೆ. ರಾತ್ರಿಗೇ ಒಳಗೆ ಬಿಡಬಹುದು, ವಾರವೂ ಆಗಬಹುದು. ಅತ್ತೆ ಹೆಬ್ಬೆರಳೆತ್ತಿ ತೋರಿಸಿದಳು.

ಮೂರು ಗಂಟೆಗೆ ಯಜಮಾನರು ಎಲ್ಲರನ್ನೂ ಗಾಜಿನ ಕೋಣೆಗೆ ಕರೆದರು. ಆ ಕೋಣೆಯಲ್ಲಿ ಎಸಿ ಎರಡೇ ರೀತಿ ನಡೆಯುತ್ತಿತ್ತು, ನಿಂತಿರುವುದು ಅಥವಾ ಹೆಪ್ಪುಗಟ್ಟಿಸುವುದು. ಇವತ್ತು ಹೆಪ್ಪುಗಟ್ಟಿಸುತ್ತಿತ್ತು. ಅತ್ತೆ ಗೋಡೆಯ ಟೀವಿಗೆ ವೈರು ಸಿಕ್ಕಿಸಿ ಹಸಿರನ್ನು ತೆರೆದಳು.

ಮೌನಿಯ ಪಟ್ಟಿಯ ನಟ್ಟನಡುವೆ, ಹಲ್ಲು ಬಿದ್ದ ಬಾಯಿಯ ಹಾಗೆ, ದೊಡ್ಡದೊಂದು ಬಿಳಿ ಜಾಗ.

ಬಣ್ಣದಕ್ಕ ಖುಷಿಯಲ್ಲಿ ಪಿಸುಗುಟ್ಟಿದಳು. ಯಜಮಾನರ ಮುಂದೆ ಚೆನ್ನಾಗಿ ಕಾಣಲಿ ಎಂದು ಈಗಷ್ಟೇ ತನ್ನ ಕೆಲಸಕ್ಕೆಲ್ಲ ಮುಗಿಯಿತೆಂದು ಗುರುತು ಹಾಕಿ ಬಂದಿದ್ದಳಂತೆ. ಮುಗಿದು ಎಷ್ಟೋ ದಿನವಾಗಿತ್ತು, ಹೇಳದೆ ಅದರ ಮೇಲೆ ಕೂತಿದ್ದಳು. ಹಸಿರು ಬುದ್ಧಿವಂತ ಅಲ್ಲವೇ, ಅದರ ಹಿಂದೆ ಕಾದಿದ್ದ ಕೆಲಸಗಳನ್ನೆಲ್ಲ ಸರಸರ ಹತ್ತಿರಕ್ಕೆ ಎಳೆದುಕೊಂಡು, ಅತ್ತೆ ಬೆರೆಸಿದ ಉಪ್ಪನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿತ್ತು.

"ಇದೇನಮ್ಮಾ ಇಷ್ಟು ಬೆಳ್ಳಗೆ?" ಎಂದರು ಯಜಮಾನರು. ಅವರ ಕೈಯಲ್ಲಿದ್ದ ಪೆನ್ನು ಟಕ್ ಟಕ್ ಎನ್ನುತ್ತಿತ್ತು.

ಅವರಿಗೆ ಹಬ್ಬವಾಗಿತ್ತು. ಇದಕ್ಕೇ ನೋಡಿ ಈ ಸಾಫ್ಟ್‌ವೇರ್ ಬೇಕು ಅನ್ನೋದು, ಕಣ್ಣಿಗೆ ಕಾಣದ್ದನ್ನೆಲ್ಲ ತೋರಿಸುತ್ತೆ, ಆ ಶಾಲೆಯವರ ಕೆಲಸ ಬಾಕಿ ಇದೆಯಲ್ಲ, ಎತ್ತಿ ಈ ಖಾಲಿ ಜಾಗಕ್ಕೆ ಹಾಕಿ ಎಂದರು. ಮೇಜಿನ ತುದಿಯಲ್ಲಿ ಮೌನಿ ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಿದ್ದ. ಅವನು ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತೇನೋ.

ಶಾಲೆಯವರ ಕೆಲಸ ಪರದೆಯ ಪಕ್ಕದಲ್ಲೇ ಕಾದಿತ್ತು. ಬೆರಳಿನಿಂದ ಒಂದು ಸಲ ಎಳೆದರೆ ಮುಗಿಯಿತು.

"ಅದು ಖಾಲಿ ಅಲ್ಲ ಸಾರ್," ಎಂದಳು ಅತ್ತೆ.

"ಮತ್ತೆ?"

ಅವಳು ಹೇಳಿದಳು. ಶುರುವಿನಲ್ಲಿ ತಡವರಿಸಿ, ಆಮೇಲೆ ತಡೆಯಲಾಗದೆ, ಜೇಬಿನ ದಿನಗಳನ್ನೂ ಹಡಗನ್ನೂ ಕಾಲಿಗೆ ಹಿಡಿಯದ ಬೂಟನ್ನೂ ಹೇಳಿದಳು.

"ನನ್ನ ದಿನಗಳನ್ನ ನನಗೆ ಹೇಳದೆ ಹಂಚೋಕೆ ನೀವ್ಯಾರಮ್ಮಾ?" ಯಜಮಾನರು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ನಾನು ಗಿರಾಕಿಗೆ ಮುಖ ತೋರಿಸಬೇಕು. ನೀವು ನನಗೆ ಹೇಳೋದೆಲ್ಲ ಸುಳ್ಳು ಅಂತಾದ್ರೆ ನಾನು ಯಾರನ್ನ ನಂಬಲಿ?"

ಅವರು ಹೇಳಿದ್ದು ನಿಜವೇ ಆಗಿತ್ತು.

ಸರಿ, ರಜೆ ಅಂತಲೇ ಹಾಕಿ, ಯಾವತ್ತಿಂದ ಯಾವತ್ತಿನವರೆಗೆ ಎಂದು ಅವರು ಪೆನ್ನನ್ನು ಪರದೆಯ ಕಡೆ ಚಾಚಿದರು. ಅತ್ತೆ ರಜೆಯ ಚೌಕ ತೆರೆದು ಮೌನಿಯ ಹೆಸರು ಹಾಕಿದಳು. ದಿನಾಂಕದ ಜಾಗವನ್ನು ಖಾಲಿ ಬಿಟ್ಟು ಒತ್ತಿದಳು. ಹಸಿರು ಒಪ್ಪಲಿಲ್ಲ. ದಿನಾಂಕ ಕಡ್ಡಾಯ ಎಂದು ಕೆಂಪಗೆ ಮಿನುಗಿತು. ಮತ್ತೆ ಒತ್ತಿದಳು, ಮತ್ತೆ ಕೆಂಪು.

"ಯಾವತ್ತಪ್ಪಾ ಬರೋದು?" ಯಜಮಾನರು ಮೌನಿಯನ್ನೇ ಕೇಳಿದರು.

"ಹಡಗನ್ನ ಕೇಳ್ಬೇಕು," ಎಂದ ಮೌನಿ. ಅವತ್ತು ಅವನು ಆಡಿದ ಮೊದಲ ಮಾತು ಅದು.

ಅಂದಾಜು ಹಾಕಿ ಎಂದರು ಯಜಮಾನರು. ಅಂದಾಜು ತಪ್ಪಿದರೆ ಮೌನಿ ಮನೆಯಲ್ಲಿ ಕೂತಾಗ ಹಡಗು ಸಮುದ್ರದಲ್ಲಿರುತ್ತದೆ, ಹಡಗು ಬಂದಾಗ ಮೌನಿ ಈ ಕುರ್ಚಿಯಲ್ಲಿರುತ್ತಾನೆ. ಅದು ಎಲ್ಲರಿಗೂ ಗೊತ್ತಿತ್ತು. ಅತ್ತೆ ದಿನಾಂಕ ಹುಡುಕುವ ನೆಪದಲ್ಲಿ ಪರದೆಯನ್ನು ಮುಂದಕ್ಕೆ ಮುಂದಕ್ಕೆ ಸರಿಸಿದಳು. ಕನ್ನಡಕದ ಕೆಲಸ ಮುಗಿಯುವ ಶುಕ್ರವಾರ ದಾಟಿತು. ಅದರಾಚೆಗೆ, ಏನೂ ಇರಬಾರದ ಕಡೆ, ಉದ್ದಕ್ಕೆ ಒಂದು ಕೆಂಪು ಗೆರೆ ನಿಂತಿತ್ತು.

"ಅಯ್ಯೋ, ಇದ್ಯಾವ ಗೆರೆ?" ಎಂದಳು ಬಣ್ಣದಕ್ಕ. ಅವಳ ಬಾಯಿಗೂ ತಲೆಗೂ ನಡುವೆ ಬಾಗಿಲೇ ಇಲ್ಲ. "ಗಿರಾಕಿಗೆ ಕೊಡುವ ದಿನ ಅಂತ ಬರೆದಿದೆಯಲ್ಲ. ನಮಗೆ ಹೇಳಿದ್ದು ಅದಕ್ಕಿಂತ ಒಂದು ವಾರ ಮುಂಚೆ ಅಲ್ವಾ ಸಾರ್?"

ಪೆನ್ನಿನ ಸದ್ದು ನಿಂತಿತು.

ಹಿಂದಿನ ಸಂಜೆ ಯಜಮಾನರು ಸಾಫ್ಟ್‌ವೇರ್ ಪರೀಕ್ಷಿಸಲೆಂದು ತಮ್ಮ ಫೋನಿನಿಂದ ಒಳಹೊಕ್ಕು, ಗಿರಾಕಿಗೆ ಕೊಟ್ಟ ನಿಜವಾದ ದಿನಾಂಕವನ್ನೇ ತುಂಬಿದ್ದರು. ತಮಗೊಬ್ಬರಿಗೇ ಕಾಣುತ್ತದೆ ಎಂದುಕೊಂಡಿದ್ದರು.

"ಇದು ಎಲ್ಲರಿಗೂ ಕಾಣುತ್ತಾ?"

"ಎಲ್ಲರಿಗೂ ಸಾರ್."

ಅವರ ಕಿವಿಗಳು ಕೆಂಪಾದವು. ಅತ್ತೆ ಟೀವಿಯನ್ನೇ ನೋಡುತ್ತಾ ನಿಂತಳು. ಈಗ ಅವರ ಮುಖ ನೋಡಿದರೆ ಕೆಲಸ ಕೆಡುತ್ತದೆ ಎಂದು ಅವಳಿಗೆ ಅನ್ನಿಸಿತು. ಯಜಮಾನರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಮುಂದಕ್ಕೆ ಎಳೆದು, ಕನ್ನಡಕ ಒರೆಸಿಕೊಂಡರು. ನೀವು ತಡ ಮಾಡ್ತೀರಿ ಅಂತಲೇ ಇಟ್ಟುಕೊಂಡಿದ್ದು, ಕೊಡೆ ಇದ್ದ ಹಾಗೆ ಇರಲಿ ಅಂತ, ಎಂದು ಯಾರನ್ನೂ ನೋಡದೆ ಗೊಣಗಿದರು. ನಾವೂ ಹಾಗೇ ಅಂದುಕೊಂಡದ್ದು ಎಂದು ಬಣ್ಣದಕ್ಕ ಶುರುಮಾಡಿದಳು. ಅತ್ತೆ ಪಕ್ಕಕ್ಕೆ ಸರಿದು ಅವಳ ಕಾಲು ತುಳಿದಳು.

ಯಜಮಾನರು ಪೆನ್ನನ್ನು ಜೇಬಿಗೆ ಸಿಕ್ಕಿಸಿ ಅಂದರು, "ಆ ಪೆದ್ದನ್ನ ತೆಗೀರಿ ನೋಡೋಣ."

ಅತ್ತೆ ನೀಲಿ ತೆರೆದು ಹೊಸ ಚೀಟಿ ಮಾಡಿದಳು. ಹಡಗು ಎಂದು ಬರೆದಳು. ಮೌನಿಯ ಹೆಸರು ಹಾಕಿದಳು. ದಿನಾಂಕದ ಜಾಗ ಮುಟ್ಟದೆ ಒತ್ತಿದಳು. ನೀಲಿ ಏನೂ ಕೇಳಲಿಲ್ಲ. ಚೀಟಿ ಹೋಗಿ 'ಮಾಡಬೇಕು' ಸಾಲಿನಲ್ಲಿ ಸುಮ್ಮನೆ ಕೂತಿತು.

"ಇದನ್ನೇ ತಗೊಳ್ಳಿ," ಎಂದರು ಯಜಮಾನರು. "ಆದ್ರೆ ಒಂದು ಮಾತು. ಇನ್ಮೇಲೆ ಜೇಬು ಇಲ್ಲ. ಯಾರ ಹತ್ರ ಎಷ್ಟು ದಿನ ಇದೆಯೋ ಚೀಟಿ ಬರೆದು ಎಲ್ಲರ ಮುಂದೆ ಇಡಬೇಕು. ನನಗೆ ಹೇಳದೆ ಹಂಚಿದ್ರೆ ಅವತ್ತೇ ನಿಮ್ಮ ಅತ್ತೆಗಿರಿ ಮುಗೀತು."

ಹೂಂ ಎಂದಳು ಅತ್ತೆ. ಎಲ್ಲರೂ ಅಲ್ಲೇ ಕೂತು ಬರೆದರು. ಯಜಮಾನರ ಚೀಟಿಯಲ್ಲಿ ವಾರಕ್ಕಿಂತ ಎರಡು ದಿನ ಕಡಿಮೆ ಇದ್ದದ್ದನ್ನು ಅವಳು ನೋಡಿದಳು. ತಾನೂ ಒಂದು ದಿನವನ್ನು ಬರೆಯದೆ ಬಚ್ಚಿಟ್ಟುಕೊಂಡಿದ್ದಳು. ಹುಟ್ಟುಗುಣ, ಒಂದು ಮಧ್ಯಾಹ್ನಕ್ಕೆ ಹೋಗುವಂಥದ್ದಲ್ಲ.

ಮಾರನೆಯ ದಿನ ಹಡಗು ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಮೌನಿ ಫೋನನ್ನು ಕೀಬೋರ್ಡಿನ ಪಕ್ಕದಲ್ಲೇ ಬೋರಲು ಇಟ್ಟುಕೊಂಡು ಕೆಲಸ ಮಾಡಿದ. ಯಜಮಾನರು ಹಾದುಹೋಗುವಾಗಲೆಲ್ಲ ಆ ಚೀಟಿಯ ಕಡೆ ಕಣ್ಣು ಹಾಯಿಸುತ್ತಿದ್ದರು. ಅದರಾಚೆಯ ಬೆಳಿಗ್ಗೆ ಅತ್ತೆ ಬಂದಾಗ ಮೌನಿಯ ಕುರ್ಚಿ ಖಾಲಿಯಾಗಿ ಮೇಜಿನಡಿಗೆ ಸರಿದಿತ್ತು. ನೀಲಿಯಲ್ಲಿ ಹಡಗಿನ ಚೀಟಿ ಒಂದು ಸಾಲು ಮುಂದಕ್ಕೆ ಬಂದಿತ್ತು: ನಡೀತಿದೆ.

ಅವಳು ಚೀಲ ಇಟ್ಟು, ಒಬ್ಬೊಬ್ಬರ ಕುರ್ಚಿಯ ಹಿಂದೆ ನಿಂತು, ಎಂದಿನಂತೆ ಆಯ್ತಾ, ಆಯ್ತಾ ಎಂದು ಕೇಳುತ್ತಾ ಬಂದಳು. ಆ ಖಾಲಿ ಕುರ್ಚಿಯ ಹಿಂದೆ ಮಾತ್ರ ಏನೂ ಕೇಳದೆ ಮುಂದಕ್ಕೆ ಹೋದಳು.